ಎಮ್ಮೆಯ ಹಲ್ಲು, ಅಜ್ಜಿಯ ಸೀರಣಿಗೆ

ಕಳೆದ ತಿಂಗಳು ನಮ್ಮ ಆಫೀಸಿನಲ್ಲಿ ಹಳೆಯ ಲ್ಯಾಪ್‌ಟಾಪ್‌ಗಳನ್ನು ಬೇಕಾದವರು ಮನೆಗೆ ಒಯ್ಯಬಹುದು ಅಂದರು. ದುಡ್ಡು ಕೊಡಬೇಕಾಗಿಲ್ಲ, ಒಂದು ಸಹಿ ಹಾಕಿದರೆ ಆಯಿತು. ನನ್ನ ಪಕ್ಕದ ಸೀಟಿನ ಹುಡುಗ ಒಂದನ್ನು ತಂದಿಟ್ಟುಕೊಂಡು ಸಂಜೆಯವರೆಗೂ ಅದರ ಹಿಂದೆಯೇ ಬಿದ್ದಿದ್ದ. ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತೆ, ಕೀಲು ಸಡಿಲ ಆಗಿದೆಯಾ, ಪರದೆಯ ಮೂಲೆಯಲ್ಲಿ ಗೀರು ಬಿದ್ದಿದೆಯಾ ಅಂತ ತಿರುಗಿಸಿ ಮುರುಗಿಸಿ ನೋಡಿದ್ದೇ ನೋಡಿದ್ದು. ನನಗೆ ತಡೆಯಲಾಗಲಿಲ್ಲ. "ದಾನಕ್ಕೆ ಬಂದ ಎಮ್ಮೆ ಹಲ್ಲು ಹಿಡಿದು ನೋಡಬಾರದು ಕಣಪ್ಪ" ಅಂದೆ. ನಕ್ಕು ಸುಮ್ಮನಾಗುತ್ತಾನೆ ಅಂದುಕೊಂಡಿದ್ದೆ. "ಎಮ್ಮೆ ಹಲ್ಲಲ್ಲಿ ಏನಿರುತ್ತೆ ಸಾರ್?" ಅಂದ. ವಯಸ್ಸು ಅಂದೆ. ಅದು ಹೇಗೆ ಅಂದ. ಹಲ್ಲು ನೋಡಿದರೆ ಗೊತ್ತಾಗುತ್ತೆ ಅಂದೆ. ಇದೊಂದು ಉತ್ತರವಲ್ಲ ಅನ್ನುವುದು ಇಬ್ಬರಿಗೂ ತಿಳಿದಿತ್ತು. ಅಷ್ಟು ಸಾಲದು ಅಂತ ಅವನು ಇನ್ನೊಂದು ಬಾಣ ಬಿಟ್ಟ: "ಇದು ಇಂಗ್ಲಿಷ್ ಗಾದೆ ಅಲ್ವಾ ಸಾರ್? ಅವರದ್ದು ಕುದುರೆ, ನಾವು ಎಮ್ಮೆ ಮಾಡ್ಕೊಂಡಿದೀವಿ."

ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಕೊರೆಯುತ್ತಿತ್ತು. ಐವತ್ತು ವರ್ಷ ಬಾಯಲ್ಲಿಟ್ಟುಕೊಂಡ ಮಾತು, ಒಬ್ಬ ಹುಡುಗ ಎರಡು ಪ್ರಶ್ನೆ ಕೇಳಿದ್ದಕ್ಕೆ ಅಲ್ಲಾಡಿಬಿಟ್ಟಿತಲ್ಲ. ನಾಚಿಕೆಯ ಸಂಗತಿ ಏನೆಂದರೆ ಆ ಕೆಲಸವನ್ನು ನಾನು ಕಣ್ಣಾರೆ ನೋಡಿದವನು. ನೋಡಿದ್ದು ಎಲ್ಲೋ ಕೆಳಗೆ ಹೋಗಿ ಗಾದೆ ಮಾತ್ರ ಮೇಲೆ ತೇಲುತ್ತಿತ್ತು.

ಎರಡಲ್ಲು, ನಾಕಲ್ಲು, ಬಾಯ್ಗೂಡು

ದೊಡ್ಡಬಳ್ಳಾಪುರದ ಕಡೆಯವರಿಗೆ ಘಾಟಿ ಸುಬ್ರಹ್ಮಣ್ಯ ಅಂದರೆ ದೇವರು ಅರ್ಧ, ದನಗಳ ಜಾತ್ರೆ ಅರ್ಧ. ನನಗೆ ಆಗ ಒಂಬತ್ತೋ ಹತ್ತೋ. ತಾತ ಒಂದು ಜೊತೆ ಹಳ್ಳಿಕಾರ್ ಎತ್ತು ಮಾರಲು ಹೊರಟಿದ್ದ, ಹಟ ಹಿಡಿದು ಅವನ ಹಿಂದೆ ಹೋಗಿದ್ದೆ. ಡಿಸೆಂಬರಿನ ಚಳಿ, ಹುಲ್ಲಿನ ಹೊರೆಗಳ ಮಧ್ಯೆ ಕಂಬಳಿ ಹೊದ್ದು ರಾತ್ರಿ ಕಳೆದದ್ದು, ಬೆಳಗ್ಗೆ ಎದ್ದರೆ ಕಣ್ಣು ಹಾಯುವಷ್ಟು ದೂರ ಬರೀ ಕೊಂಬು. ಬಿಸಿಲೇರಿದ ಮೇಲೆ ದಲ್ಲಾಳಿಯೊಬ್ಬ ಗಿರಾಕಿಯನ್ನು ಕರೆದುಕೊಂಡು ಬಂದ. ಆ ಗಿರಾಕಿ ಎತ್ತಿನ ಬೆನ್ನು ತಟ್ಟಲಿಲ್ಲ, ಸುಳಿ ನೋಡಲಿಲ್ಲ. ನೇರ ಬಂದವನೇ ಎಡಗೈಯಲ್ಲಿ ಮೂಗುದಾರ ಎತ್ತಿ ಹಿಡಿದು, ಬಲಗೈ ಹೆಬ್ಬೆರಳನ್ನು ಬಾಯಿಯ ಪಕ್ಕದಿಂದ ತೂರಿಸಿ ಕೆಳದುಟಿಯನ್ನು ಮಡಚಿದ. ಹೆಬ್ಬೆರಳು ಕಚ್ಚಿಬಿಡುತ್ತೆ ಅಂತ ನಾನು ಉಸಿರು ಹಿಡಿದಿದ್ದರೆ ಅವನಿಗೆ ಅದರ ಪರಿವೆಯೇ ಇಲ್ಲ. ಕಚ್ಚುವುದಾದರೂ ಎಲ್ಲಿಂದ? ನಾನು ಬಗ್ಗಿ ಎತ್ತಿನ ಮೇಲ್ದುಟಿಯೊಳಗೆ ಹಲ್ಲು ಹುಡುಕುತ್ತಿದ್ದದ್ದನ್ನು ನೋಡಿ ತಾತ ನಕ್ಕ. "ಏನ್ಲಾ ಅಂಗ್ ನೋಡ್ತೀಯಾ? ದನಕ್ಕೆ ಮೇಲ್ಗಡೆ ಮುಂದಲ್ಲು ಇರಾಕಿಲ್ಲ ಕಣ್ಲಾ."

ನಿಜ, ಇರುವುದಿಲ್ಲ. ಮೇಲೆ ಗಟ್ಟಿ ವಸಡಿನ ಒಂದು ದಿಂಡು, ಕೆಳಗೆ ಎಂಟು ಮುಂಬಲ್ಲು. ಲೆಕ್ಕವೆಲ್ಲ ಆ ಎಂಟರದ್ದೇ. ಕರುವಿಗೆ ಎಂಟೂ ಹಾಲುಹಲ್ಲು, ಸಣ್ಣವು, ಬೆಳ್ಳಗಿರುವಂಥವು. ಎರಡು ವರ್ಷದ ಆಸುಪಾಸಿನಲ್ಲಿ ನಟ್ಟನಡುವಿನ ಜೋಡಿ ಬಿದ್ದು ಅಗಲವಾದ ಎರಡು ಹೊಸ ಹಲ್ಲು ಬರುತ್ತವೆ. ಅದು ಎರಡಲ್ಲು. ಮೂರು ತುಂಬುವ ಹೊತ್ತಿಗೆ ಅದರ ಅಕ್ಕಪಕ್ಕದ ಜೋಡಿ, ನಾಕಲ್ಲು. ಆಮೇಲೆ ಆರಲ್ಲು. ನಾಲ್ಕು ದಾಟಿ ಕಡೆಯ ಜೋಡಿಯೂ ಬಂದರೆ ಬಾಯ್ಗೂಡಿತು. ಬಾಯಿ ಕೂಡಿದ ಮೇಲೆ ಹಲ್ಲು ಸವೆಯುವುದೊಂದೇ ಬಾಕಿ, ವಯಸ್ಸು ಹೇಳುವುದು ಅಂದಾಜಿನ ಮಾತು. ಜಾತ್ರೆಯ ಬಹುಮಾನಗಳನ್ನು ಇವತ್ತಿಗೂ ಹೀಗೇ ವಿಂಗಡಿಸುತ್ತಾರೆ, ಪೇಪರಿನಲ್ಲಿ ನೋಡಿರುತ್ತೀರಿ: ಹಾಲುಹಲ್ಲಿನ ಜೋಡಿ, ಎರಡು ಹಲ್ಲಿನ ಜೋಡಿ, ಬಾಯಿಗೂಡಿದ ಜೋಡಿ. ತಾತ ತನ್ನ ಎತ್ತು ಆರಲ್ಲು ಅಂದ. ಗಿರಾಕಿ ತುಟಿ ಬಿಟ್ಟು ಕೈಯನ್ನು ಪಂಚೆಗೆ ಒರೆಸಿಕೊಂಡು "ಬಾಯ್ಗೂಡೈತೆ ಯಜಮಾನ್ರೇ" ಅಂದ. ಅಷ್ಟಕ್ಕೇ ತಾತನ ಮುಖ ಕೆಂಪಾಯಿತು. ಕಡೆಯ ಜೋಡಿ ವಸಡಿನಿಂದ ಇಣುಕಿದ್ದು ನಿಜವೇ, ಇಣುಕಿದ್ದಕ್ಕೆಲ್ಲ ಬಾಯ್ಗೂಡಿತು ಅನ್ನುವುದಾ ಅಂತ ತಾತನ ವಾದ. ಆಮೇಲೆ ಇಬ್ಬರ ಕೈ ಟವಲಿನ ಕೆಳಗೆ ಸೇರಿದವು. ಒಳಗೆ ಬೆರಳುಗಳು ಬೆಲೆಯ ಬಗ್ಗೆ ಏನು ಮಾತಾಡಿಕೊಂಡವೋ, ಹೊರಗೆ ಎರಡು ಮುಖಗಳು ಸತ್ತವರ ಹಾಗೆ ಸುಮ್ಮನಿದ್ದವು. ಎತ್ತು ಮಾರಿಹೋಯಿತು. ವಾಪಸ್ ಬರುವಾಗ ತಾತ ಮಂಡಕ್ಕಿ ಕೊಡಿಸಿದ, ಮಾತಾಡಲಿಲ್ಲ.

ಅವತ್ತು ಕಂಡ ಕೈಯನ್ನು ನೆನಪಿಸಿಕೊಂಡರೆ ಗಾದೆಯ ತೂಕ ತಿಳಿಯುತ್ತದೆ. ಹಲ್ಲು ಹಿಡಿದು ನೋಡುವುದು ಅಂದರೆ ಕುತೂಹಲದಿಂದ ಇಣುಕುವುದಲ್ಲ. ಇನ್ನೊಬ್ಬನ ಮಾತನ್ನು ನಂಬದೆ, ಅವನೆದುರಿಗೇ, ಅವನ ದನದ ಬಾಯೊಳಗೆ ಬೆರಳಿಟ್ಟು ಸಾಕ್ಷಿ ಕೇಳುವುದು. ವ್ಯಾಪಾರದಲ್ಲಿ ಅದಕ್ಕೆ ಹಕ್ಕಿದೆ. ಬಿಟ್ಟಿ ಕೊಟ್ಟವನ ಎದುರು ಹಾಗೆ ಮಾಡಿದರೆ ಅವನ ಮುಖಕ್ಕೆ ಉಗಿದಂತೆ.

ಇನ್ನು ಇಂಗ್ಲಿಷಿನ ಮಾತು. ಕುದುರೆಯ ಗಾದೆ ಇಂಗ್ಲಿಷರ ಸ್ವಂತ ಆಸ್ತಿಯೇನಲ್ಲ. ಸುಮಾರು ಸಾವಿರದ ಆರುನೂರು ವರ್ಷಗಳ ಹಿಂದೆ ಕ್ರೈಸ್ತ ಪಂಡಿತ ಸಂತ ಜೆರೋಮ್ ಲ್ಯಾಟಿನ್‌ನಲ್ಲಿ ಬರೆಯುತ್ತಾ, ಕೊಡುಗೆಯಾಗಿ ಬಂದ ಕುದುರೆಯ ಹಲ್ಲು ನೋಡಬೇಡ ಅನ್ನುವುದನ್ನು ಜನರ ಬಾಯಲ್ಲಿರುವ ಗಾದೆ ಅಂತಲೇ ಕರೆದಿದ್ದಾನೆ. ಅಂದರೆ ಅವನಿಗೂ ಅದು ಹಳೆಯದು. ಹಿಂದಿಯವರು ದಾನದ ಬಛಿಯಾದ ಹಲ್ಲು ನೋಡಬಾರದು ಅನ್ನುತ್ತಾರೆ, ಅದು ಹೆಣ್ಣುಕರು. ತಮಿಳರದ್ದು ಮಾಡು, ಅಂದರೆ ದನ. ನಮ್ಮದು ಎಮ್ಮೆ, ಕೆಲವು ಕಡೆ ಹಸು. ಯಾರು ಯಾರಿಂದ ಕದ್ದರು ಅಂತ ಪಂಚಾಯಿತಿ ಮಾಡುವುದಕ್ಕಿಂತ, ದನ ಕುದುರೆ ಮಾರುವ ಸಂತೆ ಇದ್ದಲ್ಲೆಲ್ಲ ಈ ಮಾತು ತಾನಾಗಿ ಹುಟ್ಟುತ್ತದೆ ಅನ್ನುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ತಾತ ಇಂಗ್ಲಿಷ್ ಕಲಿತು ಎತ್ತಿನ ಬಾಯಿ ಬಿಡಿಸಲಿಲ್ಲ.

ಆದರೆ ಯೋಚಿಸುತ್ತಾ ಹೋದರೆ ಈ ಗಾದೆಯ ಮೇಲೆ ನನಗೊಂದು ಸಣ್ಣ ಸಿಟ್ಟೂ ಇದೆ. ಇದು ತೆಗೆದುಕೊಳ್ಳುವವನ ಬಾಯಿಗೆ ಬೀಗ ಹಾಕುತ್ತದೆ, ಕೊಡುವವನನ್ನು ಏನೂ ಕೇಳುವುದಿಲ್ಲ. ಕೇಳಿದವನು ಒಬ್ಬನಿದ್ದಾನೆ, ಕಠೋಪನಿಷತ್ತಿನ ನಚಿಕೇತ. ಅವನ ಅಪ್ಪ ಯಜ್ಞದ ದಕ್ಷಿಣೆಯೆಂದು ಹಸುಗಳನ್ನು ಸಾಲಾಗಿ ಹೊಡೆದು ಕಳಿಸುತ್ತಿದ್ದ. ಎಂಥ ಹಸುಗಳು? ಕುಡಿಯುವ ನೀರು ಕುಡಿದು ಮುಗಿದವು, ಮೇಯುವ ಹುಲ್ಲು ಮೇಯ್ದು ಮುಗಿದವು, ಕೊಡುವ ಹಾಲು ಕೊಟ್ಟು ಮುಗಿದವು, ಇನ್ನು ಕರು ಹಾಕಲಾರದವು. ಹುಲ್ಲು ಮೇಯ್ದು ಮುಗಿಯಿತು ಅಂದರೆ ಏನು? ಬಾಯಿ ಬಿಡಿಸಿ ನೋಡಿದ್ದರೆ ಸವೆದ ಮೋಟು ಹಲ್ಲುಗಳು ಕಾಣುತ್ತಿದ್ದವು. ದಾನ ತೆಗೆದುಕೊಂಡ ಯಾರೂ ಹಲ್ಲು ನೋಡಲಿಲ್ಲ, ನೋಡಬಾರದಲ್ಲ. ನೋಡಿದ್ದು ಕೊಡುವವನ ಮಗನೇ. ಅದಕ್ಕೆ ಅವನನ್ನು ಯಮನಿಗೇ ಕೊಟ್ಟುಬಿಟ್ಟರು, ಅದು ಬೇರೆ ಕಥೆ.

ವಾರ ಬಿಟ್ಟು ಇದನ್ನೆಲ್ಲ ಆ ಹುಡುಗನಿಗೆ ಹೇಳಲು ಹೋದೆ. ಅವನ ಮೇಜಿನ ಮೇಲೆ ಲ್ಯಾಪ್‌ಟಾಪ್ ಇರಲಿಲ್ಲ. ಬ್ಯಾಟರಿ ಊದಿಕೊಂಡು ಕೆಳಗಿನ ಮುಚ್ಚಳ ಎದ್ದಿತ್ತಂತೆ, ವಾಪಸ್ ಕೊಟ್ಟಿದ್ದ. "ಹಲ್ಲು ನೋಡಿದ್ದಕ್ಕೆ ಬಚಾವ್ ಸಾರ್" ಅಂದ.

ಅಗಿಯುವುದಕ್ಕಲ್ಲ, ತೋರಿಸುವುದಕ್ಕೆ

ಅವತ್ತಿನಿಂದ ಹಲ್ಲಿನ ಮಾತುಗಳನ್ನು ಹೆಕ್ಕುವ ಚಟ ಹತ್ತಿತು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಫೋನಿನಲ್ಲಿ, ಯಾರಾದರೂ ಹಲ್ಲು ಅಂದರೆ ಕಿವಿ ನಿಮಿರುತ್ತದೆ. ಹಲ್ಲು ಕಿರಿ, ಹಲ್ಲು ಬಿಡು, ಹಲ್ಲುಗಿಂಜು, ಹಲ್ಲು ಕಡಿ, ಹಲ್ಲು ಮಸೆ, ಹಲ್ಲು ಕಚ್ಚಿಕೊಂಡಿರು, ಹಲ್ಲು ಉದುರಿಸು, ಹಲ್ಲು ಕಿತ್ತ ಹಾವು. ಸಾಲು ಬೆಳೆದಂತೆ ಒಂದು ವಿಚಿತ್ರ ಕಾಣತೊಡಗಿತು. ದೇವರು ಹಲ್ಲು ಕೊಟ್ಟದ್ದು ಅಗಿಯಲಿ ಅಂತ. ಕನ್ನಡದ ನುಡಿಗಟ್ಟಿನಲ್ಲಿ ಮಾತ್ರ ಹಲ್ಲು ಅಗಿಯುವುದೇ ಅಪರೂಪ. ಅದು ತೋರಿಸಲಿಕ್ಕೆ ಇದೆ, ಇಲ್ಲವೇ ಅಡಗಿಸಲಿಕ್ಕೆ. ಎದುರಿಗಿರುವವನು ದೊಡ್ಡವನೋ ಚಿಕ್ಕವನೋ ಅನ್ನುವುದರ ಮೇಲೆ ಹಲ್ಲಿನ ಕೆಲಸ ತೀರ್ಮಾನವಾಗುತ್ತದೆ. ಸಮಾನನ ಎದುರು ಹಲ್ಲು ಮಸೆಯಬಹುದು; ಮಸೆಗಲ್ಲಿನ ಮೇಲೆ ಕುಡುಗೋಲು ಆಡಿಸುವ ಸದ್ದು ಆ ಮಾತಿನಲ್ಲೇ ಇದೆ. ತನಗಿಂತ ಬಲಶಾಲಿಯ ಎದುರು ಹಲ್ಲು ಕಚ್ಚಿಕೊಳ್ಳಬೇಕು. ಅವನಿಂದ ಕೆಲಸ ಆಗಬೇಕಾಗಿದ್ದರೆ ಹಲ್ಲುಗಿಂಜಬೇಕು.

ಹಲ್ಲುಗಿಂಜು ಎಂಬುದು ನನಗೆ ಎಲ್ಲಕ್ಕಿಂತ ಇಷ್ಟ. ನಗು ಅಲ್ಲ, ಅಳುವೂ ಅಲ್ಲ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ನಿಂತು ಮೂರನೆಯ ಸಲ ಅದೇ ಕಾಗದ ಒಳಗೆ ತಳ್ಳುವಾಗ ನಮ್ಮ ಮುಖ ತಾನಾಗಿ ಮಾಡುವ ಕೆಲಸ. ಇದು ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ನಂದಿ ಬೆಟ್ಟಕ್ಕೆ ಹೋಗಿ ಮಂಗಗಳನ್ನು ಅರ್ಧ ಗಂಟೆ ನೋಡಿದರೆ ಸಾಕು. ಮಂಗ ಹಲ್ಲು ಕಿರಿದರೆ ನಾವು ಅಣಕಿಸುತ್ತಿದೆ ಅಂದುಕೊಳ್ಳುತ್ತೇವೆ. ಹೆದರಿಸುವ ಮಂಗ ಬೇರೆ ಥರ: ದಿಟ್ಟಿಸಿ ನೋಡುತ್ತದೆ, ಬಾಯಿ ದುಂಡಗೆ ತೆರೆಯುತ್ತದೆ. ಸದ್ದಿಲ್ಲದೆ ತುಟಿ ಹಿಂದಕ್ಕೆಳೆದು ಎರಡೂ ಸಾಲು ಹಲ್ಲು ತೋರಿಸುವುದು ಪುಕ್ಕಲು ಮಂಗ, ಅದೂ ತನಗಿಂತ ದೊಡ್ಡದರ ಎದುರು. ನಿನ್ನ ತಂಟೆಗೆ ಬರಲ್ಲ ಮಾರಾಯ, ಬಿಟ್ಟುಬಿಡು ಅನ್ನುವುದು ಅದರ ಅರ್ಥ. ಪ್ರಾಣಿಶಾಸ್ತ್ರದವರು ಇದನ್ನು ಬರೆದಿಡುವ ಎಷ್ಟೋ ಮೊದಲೇ ಯಾರೋ ಕನ್ನಡಿಗ ಕೋತಿಯನ್ನೂ ಊರ ಶ್ಯಾನುಭೋಗರ ಎದುರು ನಿಂತ ತನ್ನನ್ನೂ ಒಟ್ಟಿಗೆ ನೋಡಿದ್ದಾನೆ.

ಸಂಸ್ಕೃತದ ದಂತಕ್ಕೆ ಈ ಮೈಗುಣವಿಲ್ಲ. ಅದು ಶಾಲು ಹೊದ್ದ ಹಲ್ಲು. ಹಲ್ಲಿನ ಡಾಕ್ಟರು ಬೋರ್ಡಿನ ಮೇಲೆ ಮಾತ್ರ ದಂತವೈದ್ಯರು. ದಂತಕ್ಕಿಂತ ದ್ವಿಜ ಸ್ವಾರಸ್ಯದ್ದು: ಎರಡು ಸಲ ಹುಟ್ಟುವುದರಿಂದ ಹಕ್ಕಿಯೂ ದ್ವಿಜ, ಬ್ರಾಹ್ಮಣನೂ ದ್ವಿಜ, ಹಲ್ಲೂ ದ್ವಿಜ. ದಂತಕಥೆಯೂ ಚೆಂದ. ಹಲ್ಲಿನಿಂದ ಹಲ್ಲಿಗೆ ದಾಟುತ್ತಾ ಬಂದ ಕಥೆ, ಬರವಣಿಗೆಯ ಆಧಾರವಿಲ್ಲದ್ದು. ಈಗ ಪೇಪರಿನವರು ನಿವೃತ್ತರಾದ ಕ್ರಿಕೆಟಿಗರನ್ನೆಲ್ಲ ದಂತಕಥೆ ಅನ್ನುತ್ತಾರೆ. ಮೈದಾನದಲ್ಲಿ ಓಡಾಡಿದ, ಸ್ಕೋರು ಪುಸ್ತಕದಲ್ಲಿ ರನ್ನುಗಳಿರುವ ಮನುಷ್ಯನನ್ನು ಆಧಾರವಿಲ್ಲದ ಕಥೆ ಅನ್ನುವುದು ಹೊಗಳಿಕೆಯಾಗಿಬಿಟ್ಟಿದೆ.

ಅಗಿಯುವ ಹಲ್ಲಿನ ಮಾತು ಇಲ್ಲವೇ ಇಲ್ಲ ಅಂತಲ್ಲ. ಕಡಲೆ ಇದೆಯಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಬೆಂಗಳೂರಿನವರು ಇದನ್ನು ಕೇಳಿದರೆ ಬಸವನಗುಡಿ ಪರಿಷೆಯ ಕಡಲೆಕಾಯಿ ನೆನೆಯುತ್ತಾರೆ. ಅದಕ್ಕೆಂಥ ಹಲ್ಲು ಬೇಕು? ಅದು ದಕ್ಷಿಣ ಅಮೆರಿಕದಿಂದ ಬಂದ ನೆಂಟ, ಮೆತ್ತಗಿನವನು. ಗಾದೆಯ ಕಡಲೆ ಹಳೆಯ ಕಡಲೆ, ಒಣಗಿದರೆ ಕಲ್ಲಿನ ಚೂರು. ಕಬ್ಬಿಣದ ಕಡಲೆ ಎಂಬ ಮಾತು ಹುಟ್ಟಿದ್ದೂ ಅದರಿಂದಲೇ. ಮೊದಲೇ ಕಲ್ಲಿನಂಥದ್ದು, ಅದನ್ನೂ ಕಬ್ಬಿಣದಲ್ಲಿ ಮಾಡಿಕೊಟ್ಟರೆ? ಹೈಸ್ಕೂಲಿನಲ್ಲಿ ಗಣಿತಕ್ಕೂ ಹಳಗನ್ನಡಕ್ಕೂ ಒಂದೇ ಬಿರುದು. ನಮ್ಮಮ್ಮನಿಗೆ ಎರಡು ವರ್ಷದ ಹಿಂದೆ ಹಲ್ಲಿನ ಸೆಟ್ ಮಾಡಿಸಿದೆವು. ಮೊದಲ ದಿನ ಹಾಕಿಕೊಂಡು ಕನ್ನಡಿ ನೋಡಿದಳು, ಎರಡನೆಯ ದಿನ ಉಪ್ಪಿಟ್ಟು ತಿಂದಳು, ಮೂರನೆಯ ದಿನದಿಂದ ಅದು ಸ್ಟೀಲ್ ಲೋಟದ ನೀರಿನಲ್ಲಿ ವಾಸ. ನೆಂಟರು ಬಂದರೆ ಮಾತ್ರ ಹೊರಗೆ. "ತಿನ್ನಾಕಲ್ಲ ಕಣೋ ಇದು, ತೋರ್ಸಾಕೆ" ಅಂತಾಳೆ. ನಾನು ವಾರಗಟ್ಟಲೆ ತಲೆ ಕೆಡಿಸಿಕೊಂಡು ಕಂಡುಕೊಂಡದ್ದನ್ನು ಅಮ್ಮ ಲೋಟ ತೊಳೆಯುತ್ತಾ ಹೇಳಿದಳು.

ಬಾಚಣಿಗೆ ಅಡಗಿದ್ದು ಎಲ್ಲಿ?

ಬಾಯಿ ಬಿಟ್ಟರೆ ಹಲ್ಲಿಗೆ ಇಷ್ಟು ಮಾತು. ಅದೇ ಹಲ್ಲುಳ್ಳ ಬಾಚಣಿಗೆಗೆ? ದಿನಾ ಬೆಳಗ್ಗೆ ಎಲ್ಲರ ಕೈಗೂ ಬರುವ ವಸ್ತು. ನೆನಪಿಗೆ ಬಂದದ್ದು ಬೋಳುತಲೆಯವನಿಗೆ ಬಾಚಣಿಗೆ ಮಾರಿದ ಮಾತೊಂದೇ, ಅದೂ ಸೇಲ್ಸ್ ಟ್ರೈನಿಂಗಿನ ವಾಸನೆ ಹೊಡೆಯುತ್ತದೆ. ಅಜ್ಜಿ ಹೇಳುತ್ತಿದ್ದದ್ದು ಇತ್ತು: ಬಾಚಣಿಗೆ ಕೈತಪ್ಪಿ ಬಿದ್ದರೆ ನೆಂಟರು ಬರ್ತಾರೆ, ಹೊತ್ತು ಮುಳುಗಿದ ಮೇಲೆ ತಲೆ ಬಾಚಬಾರದು. ಅವು ನಂಬಿಕೆಗಳು, ನುಡಿಗಟ್ಟಲ್ಲ.

ಭಾನುವಾರ ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಅಜ್ಜಿ ಕಾಲು ಚಾಚಿ ಕೂರುತ್ತಿದ್ದಳು. ಮುಂದೆ ನಮ್ಮಕ್ಕ. ಅಕ್ಕನಿಗೆ ಸೊಂಟ ಮುಟ್ಟುವ ಕೂದಲು, ಅದರಲ್ಲಿ ಇಡೀ ಸ್ಕೂಲಿನ ಹೇನು. ಅಜ್ಜಿಯ ಪಕ್ಕದಲ್ಲಿ ಹರಳೆಣ್ಣೆ ಬಟ್ಟಲು, ಮಡಿಲಲ್ಲಿ ಒಂದು ಬಿಳಿ ಬಟ್ಟೆ, ಕೈಯಲ್ಲಿ ಎರಡು ಬಾಚಣಿಗೆ. ಒಂದು ಅಗಲ ಹಲ್ಲಿನದು, ಸಿಕ್ಕು ಬಿಡಿಸಲು. ಇನ್ನೊಂದು ಸೀರಣಿಗೆ: ಅಂಗೈ ತುಂಬುವಷ್ಟು ಚಿಕ್ಕದು, ಮರದ್ದು, ಎರಡೂ ಕಡೆ ಹಲ್ಲು, ಉಗುರು ಕೂಡ ಹೋಗದಷ್ಟು ಒತ್ತೊತ್ತಾಗಿ. ಸೀರು ಅಂದರೆ ಹೇನಿನ ಮೊಟ್ಟೆ, ಅದನ್ನೂ ಎಳೆದು ತರುವ ಹಣಿಗೆ, ಅಂದರೆ ಬಾಚಣಿಗೆ, ಸೀರಣಿಗೆ. ಅಜ್ಜಿ ಮೊದಲು ಸಿಕ್ಕು ಬಿಡಿಸುತ್ತಿದ್ದದ್ದು ಕೂದಲಿನ ತುದಿಯಿಂದ. ಬುಡದಿಂದ ಎಳೆದರೆ ಇರುವ ಸಿಕ್ಕೆಲ್ಲ ಕೆಳಗೆ ಒಂದೇ ಕಡೆ ಗಂಟಾಗುತ್ತದೆ. ತುದಿ ಬಿಡಿಸಿ ಒಂದು ಗೇಣು ಮೇಲೆ, ಅದು ಬಿಡಿಸಿ ಇನ್ನೊಂದು ಗೇಣು ಮೇಲೆ. ಆಮೇಲೆ ಸೀರಣಿಗೆ ನೆತ್ತಿಯಿಂದ ಒಂದೇ ಎಳೆತ. ಅಕ್ಕನ ಕಿರುಚಾಟ, ಬಿಳಿ ಬಟ್ಟೆಯ ಮೇಲೆ ಹರಿದಾಡುವ ಕಪ್ಪು ಚುಕ್ಕಿ, ಎರಡು ಹೆಬ್ಬೆರಳ ಉಗುರಿನ ನಡುವೆ ಚಟ್ ಅನ್ನುವ ಸದ್ದು. ಅದೇ ಜಗಲಿಯಲ್ಲಿ ಹೊಲದ ಪಾಲಿನ ಪಂಚಾಯಿತಿಯೂ ನಡೆಯುತ್ತಿತ್ತು. ಚಿಕ್ಕಪ್ಪಂದಿರು ಅಜ್ಜನ ಕಾಲದ ಪಾಲು ಮೊದಲು ತೀರ್ಮಾನ ಆಗಲಿ ಅಂತ ಕೂಗಾಡಿದರೆ ಅಜ್ಜಿ ಬಾಚಣಿಗೆಯನ್ನು ಕೂದಲಿನಲ್ಲೇ ಬಿಟ್ಟು ತಲೆಯೆತ್ತಿ "ತುದೀಲಿರೋದು ಬಿಡ್ಸ್ಕಳ್ರೋ ಮೊದ್ಲು, ಈ ವರ್ಸದ ರಾಗಿ ಯಾರಿಗೆ ಅನ್ನೋದು ಯೇಳಿ" ಅಂದಿದ್ದು ನೆನಪಿದೆ.

ಆ ಮಾತನ್ನು ಈಗ ಅಲ್ಲಾಡಿಸಿ ನೋಡಿದರೆ ಬಾಚಣಿಗೆ ಎಲ್ಲಿ ಅಡಗಿದೆ ಅಂತ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳುತ್ತದೆ ಅಂದೆನಲ್ಲ, ಆ ಸಿಕ್ಕಿನಲ್ಲೇ. ವಸ್ತುವಿನ ಹೆಸರು ಗಾದೆಗೆ ಏರಲಿಲ್ಲ, ಅದು ಮಾಡುವ ಕೆಲಸ ಭಾಷೆಯ ತುಂಬ ಹರಡಿತು. ಬಾಚು ಎಂದರೆ ಹರಡಿದ್ದನ್ನು ಎಳೆದು ಒಟ್ಟುಮಾಡುವುದು. ಕೂದಲು ಬಾಚುತ್ತೇವೆ, ಕಸ ಬಾಚುತ್ತೇವೆ, ಅಳುವ ಮಗುವನ್ನು ಬಾಚಿ ತಬ್ಬುತ್ತೇವೆ, ಕಂಟ್ರಾಕ್ಟರು ದುಡ್ಡು ಬಾಚುತ್ತಾನೆ. (ಬಡಗಿಯ ಬಾಚಿ ಮಾತ್ರ ಈ ಮನೆಯದಲ್ಲ, ಅದು ಸಂಸ್ಕೃತದ ವಾಶಿ ತದ್ಭವವಾಗಿ ಬಂದದ್ದು.) ಇನ್ನು ಟೀವಿಯವರು ದಿನಕ್ಕೆ ಹತ್ತು ಸಲ ಹೇಳುವ ಜಟಿಲ ಸಮಸ್ಯೆ ಇದೆಯಲ್ಲ, ಅದು ಅಕ್ಷರಶಃ ಜಟೆಗಟ್ಟಿದ ಸಮಸ್ಯೆ. ಎಣ್ಣೆ ನೀರು ಕಾಣದೆ ಹಗ್ಗವಾದ ಕೂದಲು. ಜಟೆಯೇ ನಮ್ಮಲ್ಲಿ ಜಡೆಯಾಯಿತು. ಜಟಿಲ ಅಂದವನು ಗೊತ್ತಿಲ್ಲದೆಯೇ ಬಾಚಣಿಗೆ ಕೇಳುತ್ತಿದ್ದಾನೆ.

ಹಣಿಗೆ ಎಂಬ ಹಳೆಯ ಹೆಸರೂ ಹೀಗೇ ಊರೂರು ಸುತ್ತಿದೆ. ಉತ್ತರ ಕರ್ನಾಟಕದ ಕೈಮಗ್ಗದಲ್ಲಿ ಉದ್ದಕ್ಕೆ ಹಾಸಿದ ಹಾಸಿನ ಎಳೆಗಳು ಹಣಿಗೆಯ ಸಂದಿನಿಂದ ಹಾದು ಬರುತ್ತವೆ, ಅಡ್ಡ ಹಾಯುವ ಪ್ರತಿ ಹೊಕ್ಕನ್ನೂ ಅದೇ ತಳ್ಳಿ ಕೂರಿಸುತ್ತದೆ. ಹಾಸುಹೊಕ್ಕು ಅನ್ನುವ ನಮ್ಮ ಮಾತಿನ ಹಿಂದೆ ನಿಂತು ಬಡಿಯುವುದು ಒಂದು ಬಾಚಣಿಗೆ. ಮರಾಠಿಯವರಿಗೆ ಫಣಿ ಅಂದರೆ ಬಾಚಣಿಗೆಯೂ ಹೌದು, ಬಾಳೆಗೊನೆಯ ಒಂದು ಚಿಪ್ಪೂ ಹೌದು. ತಮಿಳರ ಸೀಪ್ಪು ಕೂಡ ಹಾಗೇ ಎರಡಕ್ಕೂ ಸಲ್ಲುತ್ತದೆ. ಒಂದು ಚಿಪ್ಪು ಏಲಕ್ಕಿ ಬಾಳೆಯನ್ನು ತಲೆಕೆಳಗು ಹಿಡಿದು ನೋಡಿ, ತಕರಾರು ಮಾಡಲಾರಿರಿ. ನಮ್ಮ ರಾಗಿ ಹೊಲದಲ್ಲಿ ಪೈರು ಗೇಣುದ್ದ ಬಂದಾಗ ಎತ್ತು ಕಟ್ಟಿ ಹಲುಬೆ ಹೊಡೆಯುತ್ತಿದ್ದರು, ಒತ್ತಾಗಿ ಎದ್ದ ಪೈರು ತೆಳುವಾಗಲಿ, ಮಣ್ಣು ಸಡಿಲವಾಗಲಿ ಅಂತ. ಮರದ ದಿಂಡಿಗೆ ಸಾಲಾಗಿ ಗೂಟ. ಹಲುಬೆ ಎಂಬ ಹೆಸರೇ ಹಲ್ಲಿನಿಂದ ಬಂದದ್ದು, ಮಾಡುವುದು ಹೊಲದ ತಲೆ ಬಾಚುವ ಕೆಲಸ. ಇಂಗ್ಲಿಷಿನ ಕೋಂಬ್ ಕೂಡ ಬೇರು ಅಗೆದರೆ ಹಲ್ಲೇ. ಸಂಸ್ಕೃತದಲ್ಲಿ ಹಲ್ಲು, ದವಡೆ ಎಂಬ ಅರ್ಥದ ಜಂಭ, ರಷ್ಯನ್ನರ ಹಲ್ಲಾದ ಜೂಬ್, ಇವೆರಡೂ ಅದರ ದಾಯಾದಿಗಳು.

ಹಲ್ಲೇ ಬಾಚಣಿಗೆಯಾದ ಒಂದು ನಿದರ್ಶನವೂ ಇದೆ. ಇಸ್ರೇಲಿನ ಲಾಕೀಶ್ ಎಂಬ ಹಳೆಯ ಊರಿನ ದಿಬ್ಬದಲ್ಲಿ 2016ರಲ್ಲಿ ಒಂದು ಪುಟ್ಟ ಬಾಚಣಿಗೆ ಸಿಕ್ಕಿತು. ಆನೆಯ ದಂತದ್ದು, ಸುಮಾರು ಮೂರೂವರೆ ಸೆಂಟಿಮೀಟರ್ ಅಗಲ. ಅದರ ಮೇಲೆ ಗೀರಿದ ಅಕ್ಷರಗಳಿವೆ ಅನ್ನುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ವರ್ಷಗಳ ಮೇಲೆ ಗಮನಿಸಿ ಓದಿ 2022ರಲ್ಲಿ ಪ್ರಕಟಿಸಿದರು. ಹದಿನೇಳು ಅಕ್ಷರ, ಏಳು ಪದ, ಕಾಲ ಸುಮಾರು ಕ್ರಿ.ಪೂ. 1700. ಆ ಸೀಮೆಯ ಹಳೆಯ ಕಾನಾನ್ ಭಾಷೆಯ ಆ ವಾಕ್ಯದ ಅರ್ಥ: ಈ ದಂತ ತಲೆಗೂದಲಿನ, ಗಡ್ಡದ ಹೇನನ್ನು ಕಿತ್ತುಹಾಕಲಿ. ಅಕ್ಷರಮಾಲೆಯ ಲಿಪಿಯಲ್ಲಿ ಬರೆದ, ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಪೂರ್ತಿ ವಾಕ್ಯ ಇದು ಅನ್ನುತ್ತಾರೆ. ಪರಾಕ್ರಮದ ಮಾತಲ್ಲ, ದೇವರ ಸ್ತೋತ್ರವಲ್ಲ, ಹೇನು. ಒಂದು ಕಡೆ ಆರು ದಪ್ಪ ಹಲ್ಲು ಸಿಕ್ಕು ಬಿಡಿಸಲು, ಇನ್ನೊಂದು ಕಡೆ ಹದಿನಾಲ್ಕು ಸಣ್ಣ ಹಲ್ಲು ಹೇನಿಗೆ. ಹಲ್ಲುಗಳೆಲ್ಲ ಮುರಿದು ಬುಡ ಮಾತ್ರ ಉಳಿದಿವೆ, ಒಂದರ ಬುಡದಲ್ಲಿ ಹೇನಿನ ಅವಶೇಷವೂ ಸಿಕ್ಕಿದೆ. ಫೋಟೊ ನೋಡಿದ ಕೂಡಲೇ ನನಗೆ ಹರಳೆಣ್ಣೆಯ ವಾಸನೆ ಬಂತು.

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಅಜ್ಜಿಯ ಸೀರಣಿಗೆ ಇನ್ನೂ ಇದೆಯಾ ಅಂತ ಕೇಳಿದ್ದಕ್ಕೆ ಅಮ್ಮ ದೇವರ ಮನೆಯ ಗೂಡಿನಿಂದ ತೆಗೆದು ತಂದಳು. ಒಂದು ಮೂಲೆ ಸೀಳಿದೆ, ನಡುವೆ ಅಲ್ಲಲ್ಲಿ ಹಲ್ಲು ಹೋಗಿವೆ. ಇದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀಯಮ್ಮ, ಹಲ್ಲೇ ಇಲ್ಲವಲ್ಲ ಅಂದೆ. "ನಂಗೂ ಇಲ್ಲ. ನನ್ನೂ ಎತ್ತಿ ಬಿಸಾಕ್ತೀಯೇನೋ?" ಅಂದಳು. ಆಮೇಲೆ ಏನನ್ನಿಸಿತೋ, "ಬೇಕಾದ್ರೆ ನೀನೇ ಇಟ್ಕೊ" ಅಂತ ಒಂದು ಪೇಪರಿನಲ್ಲಿ ಸುತ್ತಿಕೊಟ್ಟಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಪೇಪರು ಬಿಚ್ಚಿ ಹಲ್ಲು ಎಣಿಸಲು ಕೂತೆ. ಕೊಟ್ಟದ್ದರ ಹಲ್ಲು ಎಣಿಸಬಾರದು ಅಂತ ನೆನಪಾಗುವಷ್ಟರಲ್ಲಿ ಒಂದು ಕಡೆಯದು ಮುಗಿದಿತ್ತು, ಮೂವತ್ತೊಂದು. ಇನ್ನೊಂದು ಕಡೆಯ ಲೆಕ್ಕ ಎರಡು ಸಲ ತಪ್ಪಿತು, ಅಷ್ಟರಲ್ಲಿ ಯಲಹಂಕ ಬಂತು.